ನಿಮಗಿದು ಗೊತ್ತೇ? ಕೇಕಿನ ಹೆಸರಿನ ರಸ್ತೆಯಲ್ಲಿ ಗೇಮಿಂಗ್ ಕಂಪ್ಯೂಟರ್!

ಮುಂಬಯಿಯಲ್ಲಿ ಕಡಿಮೆ ದುಡ್ಡಿಗೆ ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಕೆ? ಡೊಂಬಿವಲಿಯಲ್ಲಿ ಕೇಳಿ, ಮೀರಾ ರೋಡಿನಲ್ಲಿ ಕೇಳಿ, ನೆರೂಲಿನಲ್ಲಿ ಕೇಳಿ. ಸಿಗುವ ಉತ್ತರ ಒಂದೇ: "ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗು ಮಾರಾಯ!" ಆದರೆ ದಾಖಲೆಯಲ್ಲಿ ಆ ರಸ್ತೆಯ ಹೆಸರು ಅದಲ್ಲವೇ ಅಲ್ಲ! ಅದು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ.

ಹಾಗಾದರೆ ಲ್ಯಾಮಿಂಗ್ಟನ್ ಯಾರು? 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದವರು. ಅದಕ್ಕೂ ಮೊದಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಗವರ್ನರ್. ಅಲ್ಲಿ ಚಾಕೊಲೇಟಿನಲ್ಲಿ ಅದ್ದಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿದ ಒಂದು ಕೇಕಿಗೂ ಇದೇ ಹೆಸರು ಅಂಟಿಕೊಂಡಿತು. ಆಸ್ಟ್ರೇಲಿಯಾದವರು ಇಂದಿಗೂ ಅದನ್ನು ಚಪ್ಪರಿಸುತ್ತಾರೆ. ಗ್ರಾಫಿಕ್ ಕಾರ್ಡ್ ಮಾರುವ ರಸ್ತೆಗೂ ಕೊಬ್ಬರಿ ಕೇಕಿಗೂ ಒಂದೇ ಹೆಸರು!

ಇನ್ನೂ ಕೇಳಿ. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಉಧಮ್ ಸಿಂಗ್ ಅವರು ಮೈಕೆಲ್ ಓಡ್ವಯರ್‌ಗೆ ಗುಂಡು ಹಾರಿಸಿದರಲ್ಲ, ಅದೇ ಸಭೆಯಲ್ಲಿ ಗಾಯಗೊಂಡವರಲ್ಲಿ ಒಬ್ಬರು ಇದೇ ಲ್ಯಾಮಿಂಗ್ಟನ್!

ಹುಬ್ಬಳ್ಳಿಯವರಿಗೆ ಈ ಹೆಸರು ಹೊಸದಲ್ಲ. ಅಲ್ಲೂ ಲ್ಯಾಮಿಂಗ್ಟನ್ ರೋಡ್ ಇದೆ, ಲ್ಯಾಮಿಂಗ್ಟನ್ ಸ್ಕೂಲ್ ಕೂಡ ಇದೆ. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿಗೇ ಸೇರಿತ್ತು ತಾನೆ!

ಇಂದು ಕೀಬೋರ್ಡು, ಕೇಬಲ್ಲುಗಳ ರಾಶಿ ಇರುವ ಈ ರಸ್ತೆಯಲ್ಲೇ ಒಂದು ಕಾಲಕ್ಕೆ ಮಿನರ್ವಾ ಟಾಕೀಸ್ ಇತ್ತು. 1975ರಲ್ಲಿ ಅಲ್ಲಿ 'ಶೋಲೆ' ಹಾಕಿದರು. ತೆಗೆದದ್ದು ಐದು ವರ್ಷದ ಮೇಲೆ! ಗಬ್ಬರ್ ಗುಡುಗಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ ಎಂಬುದು ನಿಮಗೆ ಗೊತ್ತೇ ಇರುತ್ತದೆ.

ಮುಂಬಯಿಯಲ್ಲಿ ಕಂಪ್ಯೂಟರ್ ಜೋಡಿಸುವುದು ನಿನ್ನೆ ಮೊನ್ನೆಯ ಮಾತೆಂದುಕೊಂಡಿರಾ? ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಒಂದು ಕಂಪ್ಯೂಟರನ್ನು ತಾವೇ ಕೂತು ಕಟ್ಟಿದರು. 1960ರಲ್ಲಿ ಅದು ಪೂರ್ತಿ ಕೆಲಸಕ್ಕಿಳಿಯಿತು. 1962ರಲ್ಲಿ ನೆಹರೂ ಅದಕ್ಕೆ 'ಟಿಫ್ರಾಕ್' ಎಂದು ಹೆಸರಿಟ್ಟರು. ಒಳಗೆ ಸುಮಾರು 2,700 ವಾಲ್ವ್‌ಗಳು! ಉದ್ದ 18 ಅಡಿ!

ಅದರ ನೆನಪಿನ ಶಕ್ತಿ ಎಷ್ಟು ಗೊತ್ತೇ? 40 ಬಿಟ್ಟಿನ 2,048 ಪದಗಳು. ಲೆಕ್ಕ ಹಾಕಿದರೆ ಬರೀ 10 ಕೆಬಿ! ಇಂದು ನೀವು ಕೊಳ್ಳುವ 16 ಜಿಬಿ ರ‍್ಯಾಮ್ ಅದರ 16 ಲಕ್ಷ ಪಟ್ಟಿಗೂ ಹೆಚ್ಚು. ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಲೋಕಲ್ ಹತ್ತಬಹುದು!

ಈಗ ಅಂಗಡಿಗೆ ಬನ್ನಿ. (ಭಾನುವಾರ ಮಾತ್ರ ಬೇಡ, ಬಹುತೇಕ ಶಟರ್‌ಗಳು ಕೆಳಗಿರುತ್ತವೆ.) ಕೌಂಟರಿನ ಹುಡುಗ "ಬಜೆಟ್ ಕಿತ್ನಾ?" ಎನ್ನುತ್ತಾನೆ, ಚೀಟಿಯ ಮೇಲೆ ಸರಸರ ಕೊಟೇಶನ್ ಗೀಚುತ್ತಾನೆ. ಕೆಳಗಿನ ಮೊತ್ತ ನೋಡಿ ಹಿಗ್ಗಬೇಡಿ. ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. ಬಿಡಿಭಾಗಗಳಿಗೆ ಜಿಎಸ್‌ಟಿ 18%. 50,000 ರೂಪಾಯಿಯ ಚೀಟಿ ಒಂದೇ ಕ್ಷಣದಲ್ಲಿ 59,000 ಆಗುತ್ತದೆ! ಹಾಗೆಂದು ಪಕ್ಕಾ ಬಿಲ್ ಬಿಡಬೇಡಿ. ಮುಂದೆ ಕಾರ್ಡ್ ಕೈಕೊಟ್ಟಾಗ ವಾರಂಟಿಗೆ ನಿಲ್ಲುವುದು ಆ ಬಿಲ್ಲೇ. ಡಬ್ಬದ ಮೇಲಿನ ಸೀರಿಯಲ್ ನಂಬರ್ ಬಿಲ್ಲಿನಲ್ಲೂ ಇದೆಯೇ ನೋಡಿಕೊಳ್ಳಿ.

ಒಂದು ಗ್ರಾಫಿಕ್ ಕಾರ್ಡಿನ ಒಳಗೆ ಎಷ್ಟು ಟ್ರಾನ್ಸಿಸ್ಟರ್ ಇರಬಹುದು? ಬಜೆಟ್ ಆಟಗಾರರ ಮೆಚ್ಚಿನ ಆರ್‌ಎಕ್ಸ್ 6600 ತಗೊಳ್ಳಿ. ಅದರ ಚಿಪ್ಪಿನ ಅಗಲ ಹೆಚ್ಚು ಕಡಿಮೆ ಒಂದೂವರೆ ಸೆಂಟಿಮೀಟರ್. ಅಷ್ಟರಲ್ಲೇ 1,100 ಕೋಟಿ ಟ್ರಾನ್ಸಿಸ್ಟರ್! ಭೂಮಿಯ ಮೇಲಿರುವ ಜನ ಸುಮಾರು 800 ಕೋಟಿ. ತಲೆಗೊಂದು ಹಂಚಿದರೂ ಮಿಗುತ್ತದೆ!

ಬಜೆಟ್ಟಿನ ಸಿಂಹಪಾಲು ಈ ಕಾರ್ಡಿಗೇ ಹೋಗಲಿ. ದುಬಾರಿ ಪ್ರೊಸೆಸರ್, ಬಣ್ಣಬಣ್ಣದ ದೀಪದ ಕ್ಯಾಬಿನೆಟ್ ತಂದು ಕಾರ್ಡಿನಲ್ಲಿ ಕಂಜೂಸಿ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದೀಪದಿಂದ ಆಟ ಓಡುವುದಿಲ್ಲ!

ಫುಲ್ ಎಚ್‌ಡಿ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಸೆಕೆಂಡಿಗೆ 60 ಚಿತ್ರ ಎಂದರೆ ಕಾರ್ಡು ಪ್ರತಿ ಸೆಕೆಂಡಿಗೆ 12 ಕೋಟಿ ಚುಕ್ಕಿಗಳಿಗೆ ಬಣ್ಣ ಹಚ್ಚುತ್ತದೆ! 4ಕೆ ಪರದೆಗೆ ಹೋದಿರೋ, ಚುಕ್ಕಿಗಳು ಸರಿಯಾಗಿ ನಾಲ್ಕು ಪಟ್ಟು. ಕೈ ಬಿಗಿ ಇದ್ದವರು ಫುಲ್ ಎಚ್‌ಡಿಗೇ ನಿಲ್ಲಿ. ಅದೇ ಕಾರ್ಡು ಕುದುರೆಯಾಗುತ್ತದೆ!

ಎಲ್ಲ ಕಾರ್ಡೂ ಕರೆಂಟು ಕುಡಿಯುತ್ತದೆ ಎನ್ನುವವರಿಗೆ ಜಿಟಿಎಕ್ಸ್ 1650 ತೋರಿಸಿ. ಅದಕ್ಕೆ ಬೇಕಾದದ್ದು 75 ವ್ಯಾಟ್. ಹಳೆಯ ಮಾದರಿಯ ಒಂದು ಸೀಲಿಂಗ್ ಫ್ಯಾನಿನಷ್ಟು! ಆ 75 ವ್ಯಾಟನ್ನು ಮದರ್‌ಬೋರ್ಡಿನ ಸ್ಲಾಟೇ ಕೊಡುವುದರಿಂದ ಅದರ ಎಷ್ಟೋ ಮಾದರಿಗಳಿಗೆ ಬೇರೆ ವೈರೇ ಬೇಡ. ಆಫೀಸಿನವರು ಮಾರಿದ ಹಳೆಯ ಡಬ್ಬಾ ಕಂಪ್ಯೂಟರಿಗೂ ಇದನ್ನು ಸಿಕ್ಕಿಸಿ ಆಡುವವರಿದ್ದಾರೆ!

ಆ ಸ್ಲಾಟಿನ ಹೆಸರು ಪಿಸಿಐ ಎಕ್ಸ್‌ಪ್ರೆಸ್. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಅಜಯ್ ಭಟ್. ಯುಎಸ್‌ಬಿಯ ಹಿಂದೆ ಇರುವವರೂ ಇವರೇ! ಹುಟ್ಟಿದ್ದು 1957ರಲ್ಲಿ, ವಡೋದರಾದಲ್ಲಿ. ಗುಜರಾತ್ ರಾಜ್ಯವೇ ಇನ್ನೂ ಆಗಿರದ ಕಾಲ. ಆಗ ಆ ಊರು ಇದ್ದದ್ದು ಮುಂಬಯಿ ರಾಜ್ಯದಲ್ಲಿ!

ಹೊಸ ಕಂಪ್ಯೂಟರ್ ಜೋಡಿಸಿದಿರಿ. ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ, ಪರದೆ ಮಾತ್ರ ಕಪ್ಪು. ಎದೆ ಧಸಕ್ ಎನ್ನುತ್ತದೆ ಅಲ್ಲವೇ? ಹಿಂದೆ ಬಗ್ಗಿ ನೋಡಿ. ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡಿಗೆ ಚುಚ್ಚಿಬಿಟ್ಟಿದ್ದೀರಿ! ಇಂಟೆಲ್‌ನ ಐ3-12100ಎಫ್ ತರಹದ ಪ್ರೊಸೆಸರಿನ ಕೊನೆಯಲ್ಲಿರುವ 'ಎಫ್' ಅಕ್ಷರ ಕಂಡಿರಾ? ಅದಿದ್ದರೆ ಒಳಗೆ ಚಿತ್ರ ಬಿಡಿಸುವ ಭಾಗ ಕೆಲಸ ಮಾಡುವುದಿಲ್ಲ ಎಂದರ್ಥ. ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿ ಇದ್ದೂ ಇಲ್ಲದಂತೆ. ಕೇಬಲ್ಲನ್ನು ಕೆಳಗಿನ ಗ್ರಾಫಿಕ್ ಕಾರ್ಡಿಗೆ ಸಿಕ್ಕಿಸಿ. ಚಿತ್ರ ಬಂತು!

2017ರ ಮದರ್‌ಬೋರ್ಡಿನಲ್ಲಿ 2022ರ ಪ್ರೊಸೆಸರ್ ಕೂರುತ್ತದೆಯೇ? ಎಎಂಡಿಯವರ ಎಎಂ4 ಬೋರ್ಡಾದರೆ ಬಹುಮಟ್ಟಿಗೆ ಹೌದು! ಬಯೋಸ್ ಅಪ್‌ಡೇಟ್ ಮಾಡಿಕೊಂಡರೆ ಮೊದಲ ಕಾಲದ ಎಷ್ಟೋ ಬೋರ್ಡುಗಳಲ್ಲಿ ರೈಜನ್ 5 5600 ಓಡುತ್ತದೆ. ಬೋರ್ಡು ಬದಲಿಸುವ ದುಡ್ಡು ಉಳಿಯಿತು! ಅಂದ ಹಾಗೆ ಇದೇ ಎಎಂಡಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ತೆರೆದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ!

ಒಂದು 16 ಜಿಬಿ ರ‍್ಯಾಮ್ ಕಡ್ಡಿಗಿಂತ ಎರಡು 8 ಜಿಬಿ ಕಡ್ಡಿ ಹೆಚ್ಚು ಚುರುಕು! ಮೊತ್ತ ಒಂದೇ, ಆದರೆ ದಾರಿ ಎರಡಾಗುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ರೈಜನ್ 5 5600ಜಿ ತರಹ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ನಿಮ್ಮದಾದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

3200ರ ವೇಗ ಎಂದು ಬರೆದ ಡಿಡಿಆರ್4 ರ‍್ಯಾಮ್ ಕೊಂಡರೂ ಅದು ತಾನಾಗಿ ಆ ವೇಗದಲ್ಲಿ ಓಡದೇ ಇರಬಹುದು! ಬಯೋಸಿನೊಳಗೆ ಎಕ್ಸ್‌ಎಂಪಿ ಎಂಬ ಒಂದು ಗುಂಡಿ ಒತ್ತಬೇಕು. 144 ಹರ್ಟ್ಸಿನ ಮಾನಿಟರೂ ಅಷ್ಟೇ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಎಷ್ಟೋ ಸಲ 60ಕ್ಕೇ ನಿಂತಿರುತ್ತದೆ. ಈಗಲೇ ಹೋಗಿ ನೋಡಿ!

ರ‍್ಯಾಮ್ ಬೆಲೆ ಹಾರಿದ್ದು ಯಾರಿಂದ? ಕೃತಕ ಬುದ್ಧಿಮತ್ತೆಯಿಂದ! ಆ ದೊಡ್ಡ ಡೇಟಾ ಸೆಂಟರುಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿದ್ದಂತೆ 2025ರ ಕೊನೆಗೆ ಬೆಲೆ ಗಗನಕ್ಕೇರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪೆನಿ, ಸಾಮಾನ್ಯ ಗ್ರಾಹಕರಿಗೆ ಕ್ರೂಶಿಯಲ್ ರ‍್ಯಾಮ್ ಮಾರುವುದನ್ನೇ ನಿಲ್ಲಿಸುತ್ತೇವೆ ಎಂದುಬಿಟ್ಟಿತು!

ಇನ್ನು ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬ, ಎಸ್‌ಎಂಪಿಎಸ್. ಇದನ್ನು ಸ್ವಲ್ಪ ನಿಂತು ನೋಡೋಣ, ಏಕೆಂದರೆ ಬಜೆಟ್ ಕಂಪ್ಯೂಟರುಗಳು ಸುಟ್ಟುಹೋಗುವುದು ಇಲ್ಲೇ. ಅಗ್ಗದ ಕ್ಯಾಬಿನೆಟ್ ಜೊತೆ ಕೆಲವೊಮ್ಮೆ ಪುಕ್ಕಟೆ ಬರುತ್ತದೆ. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್. ಆ ಅಂಕಿ ಬಿಡಿ! ಪಕ್ಕದ ಸ್ಟಿಕ್ಕರಿನ ಸಣ್ಣ ಅಕ್ಷರ ಓದಿ. 12 ವೋಲ್ಟ್ ಎಂಬ ಕಾಲಮ್ಮಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆ? 14 ಎಂದಿದ್ದರೆ, 12 ಇಂಟು 14, ಬರೀ 168 ವ್ಯಾಟ್! ಪ್ರೊಸೆಸರಿಗೂ ಕಾರ್ಡಿಗೂ ಮುಖ್ಯವಾಗಿ ಬೇಕಾದದ್ದು ಈ 12 ವೋಲ್ಟಿನ ಕರೆಂಟೇ. 36 ಆಂಪಿಯರ್ ಎಂದಿದ್ದರೆ 432 ವ್ಯಾಟ್. ಅದು ಮಾತು! ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಕೌಂಟರಿನಲ್ಲೇ ಗುಣಿಸಿ. ಬೇರೆಲ್ಲಿ ಬೇಕಾದರೂ ಉಳಿಸಿ, ಇಲ್ಲಿ ದಯವಿಟ್ಟು ಬೇಡ.

2022ರ ಸೆಪ್ಟೆಂಬರ್ 15ರಂದು ಲಕ್ಷಾಂತರ ಗ್ರಾಫಿಕ್ ಕಾರ್ಡುಗಳು ಒಂದೇ ದಿನ ಕೆಲಸ ಕಳೆದುಕೊಂಡವು! ಅಂದು ಈಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ಕಾರ್ಡುಗಳಿಂದ ಗಣಿಗಾರಿಕೆ ಮಾಡುವ ಪದ್ಧತಿಯನ್ನೇ ಬಿಟ್ಟಿತು. ಆ ಕಾರ್ಡುಗಳೆಲ್ಲ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಿದ್ದವು. ಹಳೆಯ ಕಾರ್ಡ್ ಕೊಳ್ಳುವಿರಾದರೆ ಎದುರಿಗೇ ಅರ್ಧ ಗಂಟೆ ಆಟ ಓಡಿಸಿ ತೋರಿಸಲು ಹೇಳಿ. ನಾಚಿಕೆ ಬೇಡ!

ನಿಮ್ಮ ಕಂಪ್ಯೂಟರ್ ಒಂದು ಹೀಟರ್ ಕೂಡ ಹೌದು! 300 ವ್ಯಾಟ್ ಎಳೆದರೆ ಆ 300 ವ್ಯಾಟೂ ಕೊನೆಗೆ ಬಿಸಿಯಾಗಿ ಕೋಣೆಗೇ ಇಳಿಯುತ್ತದೆ. ಮುಂಬಯಿಯ ಮೇ ತಿಂಗಳು, ಹತ್ತಕ್ಕೆ ಹತ್ತರ ಖೋಲಿ! ಕಿಟಕಿ ತೆರೆದಿಡಿ, ಕ್ಯಾಬಿನೆಟ್ಟಿನ ಮುಂಭಾಗ ಜಾಳಿಯದ್ದಾಗಿರಲಿ, ಗಾಜಿನದು ಬೇಡ.

ಮೂರು ಗಂಟೆ ಆಡಿದರೆ ಕರೆಂಟ್ ಎಷ್ಟು? ಅದೇ 300 ವ್ಯಾಟಿಗೆ 0.9 ಯೂನಿಟ್. ಒಂದು ಯೂನಿಟ್ಟೂ ಇಲ್ಲ! ಬಿಲ್ ಕಳಿಸುವವರು ಮಾತ್ರ ಊರ ತುಂಬ ಬೇರೆ ಬೇರೆ. ದಾದರಿನವರಿಗೆ ಬೆಸ್ಟ್, ಅಂಧೇರಿಯಲ್ಲಿ ಅದಾನಿ ಅಥವಾ ಟಾಟಾ, ಮುಲುಂಡಿಗೆ ಹೋದರೆ ಮಹಾವಿತರಣ!

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ತಳಮಹಡಿಯ ಮನೆಯವರೇ, ಕ್ಯಾಬಿನೆಟ್ ನೆಲದ ಮೇಲಿಡಬೇಡಿ! ಮಳೆಗಾಲದಲ್ಲಿ ಊರಿಗೆ ಹೋಗಿ ವಾರಗಟ್ಟಲೆ ಮುಚ್ಚಿಟ್ಟ ಯಂತ್ರಕ್ಕಿಂತ ದಿನಾ ಓಡುವ ಯಂತ್ರವೇ ಒಣಗಿರುತ್ತದೆ. ಅದರ ಬಿಸಿಯೇ ತೇವವನ್ನು ಓಡಿಸುತ್ತದೆ.

ಆನ್‌ಲೈನ್ ಆಟದಲ್ಲಿ ಮುಂಬಯಿಯವರಿಗೆ ಹುಟ್ಟಿನಿಂದಲೇ ಒಂದು ಲಾಭ ಇದೆ! ದೇಶಕ್ಕೆ ಬರುವ ಸಮುದ್ರದಾಳದ ಇಂಟರ್ನೆಟ್ ಕೇಬಲ್ಲುಗಳಲ್ಲಿ ಹಲವು ಮೇಲೇರುವುದು ವರ್ಸೋವಾ ಕಡಲ ತೀರದಲ್ಲಿ. ವ್ಯಾಲರಂಟ್ ಆಟದ ಸರ್ವರುಗಳು 2020ರಲ್ಲೇ ಮುಂಬಯಿಗೆ ಬಂದವು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಬೆಂಗಳೂರಿನ ಹುಡುಗ ಒತ್ತಿದ ಗುಂಡಿ ಮುಂಬಯಿಗೆ ಹೋಗಿ ಬರಲು, ನೇರ ದಾರಿಯೇ ಇದ್ದರೂ, ಕನಿಷ್ಠ 8 ಮಿಲಿಸೆಕೆಂಡ್ ಬೇಕು. ಬೋರಿವಲಿಯ ಹುಡುಗನಿಗೆ ಆ ದೂರವೇ ಇಲ್ಲ! ಹಾಗಾಗಿ 'ಗೇಮಿಂಗ್ ರೌಟರ್' ಎಂದು ದುಬಾರಿ ಡಬ್ಬ ತೋರಿಸಿದರೆ ಬೇಡ ಎನ್ನಿ. ಒಂದು ಲ್ಯಾನ್ ಕೇಬಲ್ ಎಳೆದುಕೊಳ್ಳಿ, ಸಾಕು.

2018ರ 'ಹಿಟ್‌ಮ್ಯಾನ್ 2' ಆಟದಲ್ಲಿ ಒಂದು ಇಡೀ ಘಟ್ಟ ನಡೆಯುವುದು ಮುಂಬಯಿಯ ಗಲ್ಲಿಗಳಲ್ಲಿ! ವ್ಯಾಲರಂಟ್‌ನ 'ಲೋಟಸ್' ಎಂಬ ನಕ್ಷೆ ಇರುವುದು ಪಶ್ಚಿಮ ಘಟ್ಟದಲ್ಲಿ!

ಇದಕ್ಕೂ ಮಿಗಿಲಾದದ್ದೊಂದಿದೆ. 2017ರ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಆಟದಲ್ಲಿ ನಾಯಕಿ ಹುಡುಕಿಕೊಂಡು ಹೋಗುವುದು ಹೊಯ್ಸಳರ ನಿಧಿಯನ್ನು! ಬೇಲೂರು, ಹಳೇಬೀಡು ಎಂಬ ಹೆಸರುಗಳು ಆಟದೊಳಗೇ ಕೇಳಿಸುತ್ತವೆ. 2022ರ ಅಕ್ಟೋಬರಿನಲ್ಲಿ ಅದು ಕಂಪ್ಯೂಟರಿಗೂ ಬಂತು. ಡಿಸ್ಕಿನಲ್ಲಿ 100 ಜಿಬಿಗೂ ಹೆಚ್ಚು ಜಾಗ ಕೇಳುತ್ತದೆ, ಆದ್ದರಿಂದ ಎಸ್‌ಎಸ್‌ಡಿ ಕೊಳ್ಳುವಾಗ 256ಕ್ಕೆ ನಿಲ್ಲದೆ 512 ಜಿಬಿಗೆ ಹೋಗಿ. ಕಾರ್ಡ್ ಯಾವುದು ಬೇಕು ಎಂದಿರಾ? ತಯಾರಕರೇ ಸೂಚಿಸಿದ್ದು ಜಿಟಿಎಕ್ಸ್ 1060. 2016ರ ಕಾರ್ಡು!