ಸೀನಿಯರ್ ಆಫೀಸಿನ ಬಾಗಿಲು ತಟ್ಟುವ ಮುನ್ನ

ಎಲ್‌ಎಲ್‌ಬಿ ಕೊನೆಯ ಸೆಮಿಸ್ಟರ್ ಪಾಸಾದ ಮಾತ್ರಕ್ಕೆ ಕರಿ ಕೋಟು ಹಾಕಿಕೊಂಡು ಕೋರ್ಟಿನಲ್ಲಿ ನಿಲ್ಲುವಂತಿಲ್ಲ. ಮೊದಲು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿ ಸನ್ನದು ಪಡೆಯಬೇಕು. ಇದಕ್ಕೆ ನಾನಾ ಹೆಸರಿನಲ್ಲಿ ಸಾವಿರಾರು ರೂಪಾಯಿ ವಸೂಲಿ ಮಾಡುವ ಪದ್ಧತಿ ದೇಶದ ಅನೇಕ ಪರಿಷತ್ತುಗಳಲ್ಲಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. 1961ರ ವಕೀಲರ ಕಾಯ್ದೆ ಹೇಳಿರುವ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ಸ್ಟಾಂಪ್ ಶುಲ್ಕ ಬಿಟ್ಟರೆ ನೋಂದಣಿಗೆ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದಿತು.

ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ, ಎಲ್ಲರ ಬಾಯಲ್ಲಿ ಎಐಬಿಇ. ನೂರು ಬಹು ಆಯ್ಕೆ ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಯ್ಯಬಹುದು. ಸಾಮಾನ್ಯ ವರ್ಗದವರು ಶೇ. 45 ತೆಗೆದರೆ ಸಾಕು. ಬೇರ್ ಆಕ್ಟ್ ತಿರುವಿ ಹಾಕುವ ಅಭ್ಯಾಸವಿದ್ದವರಿಗೆ ಇದು ಹೆದರುವಂಥ ಪರೀಕ್ಷೆಯಲ್ಲ.

ನಿಜವಾದ ಕಷ್ಟ ಶುರುವಾಗುವುದು ಆಫೀಸು ಹುಡುಕುವಾಗ. ಜಿಲ್ಲಾ ಕೇಂದ್ರಗಳ ವಕೀಲರು ಜೂನಿಯರ್ ಬೇಕೆಂದು ಜಾಹೀರಾತು ಕೊಡುವುದು ಅಪರೂಪ. ವಕೀಲರ ಸಂಘದಲ್ಲಿ ಯಾರೋ ಹೇಳುತ್ತಾರೆ, ಕಾಲೇಜಿನ ಮೇಷ್ಟ್ರು ಒಂದು ಹೆಸರು ಕೊಡುತ್ತಾರೆ, ಇಲ್ಲವೇ ಇಂಟರ್ನ್‌ಶಿಪ್ ಮಾಡಿದ ಕಡೆಯೇ ಉಳಿದುಬಿಡುತ್ತೀರಿ. ಹೋಗುವ ಮುಂಚೆ ಒಂದು ವಾರ ಸುಮ್ಮನೆ ಕೋರ್ಟ್ ಹಾಲಿನ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಯಾರು ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಹದವಾಗಿ ಹಿಡಿಯುತ್ತಾರೆ, ಯಾರು ಪ್ರತಿ ಮುದ್ದತಿಗೂ ಸಮಯ ಕೇಳುತ್ತಾರೆ, ಯಾರ ಜೂನಿಯರ್ ಎದ್ದು ನಿಂತು ಎರಡು ಮಾತು ಆಡುತ್ತಾನೆ, ಯಾರ ಜೂನಿಯರ್ ಬರೀ ಫೈಲು ಹೊರುತ್ತಾನೆ, ಎಲ್ಲ ಅಲ್ಲೇ ಕಾಣುತ್ತದೆ. ಬೋರ್ಡಿನ ಮೇಲಿನ ಹೆಸರು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಈ ಕೊನೆಯದು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಅರ್ಜಿ ಅರ್ಧ ಪುಟ ಇದ್ದರೆ ಸಾಕು. 'ನಾನು ಶ್ರಮಜೀವಿ, ಕಲಿಯುವ ಹಂಬಲವುಳ್ಳವನು' ಎಂಬ ಸಾಲನ್ನು ಓದಿ ಯಾವ ಸೀನಿಯರೂ ಫೋನ್ ಮಾಡಿದ್ದಿಲ್ಲ. 'ಇಂಟರ್ನ್‌ಶಿಪ್‌ನಲ್ಲಿ ಜೆಎಂಎಫ್‌ಸಿ ಕೋರ್ಟಿನ ಚೆಕ್ ಬೌನ್ಸ್ ಕೇಸುಗಳನ್ನು ಗಮನಿಸಿದ್ದೇನೆ, ಡಿಮ್ಯಾಂಡ್ ನೋಟಿಸಿನ ಕರಡು ಬರೆದಿದ್ದೇನೆ, ಕನ್ನಡ ಟೈಪಿಂಗ್ ಬರುತ್ತದೆ, ಒಂದನೇ ತಾರೀಖಿನಿಂದ ಬರಬಲ್ಲೆ' ಎಂದು ಬರೆದರೆ ಓದುವವರಿಗೆ ಹಿಡಿಯಲು ಏನಾದರೂ ಸಿಗುತ್ತದೆ. ಮೂಟ್ ಕೋರ್ಟ್ ಬಹುಮಾನಕ್ಕೆ ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗಳಲ್ಲಿ ಬೆಲೆಯಿದೆ. ತುಮಕೂರಿನ ಸಿವಿಲ್ ವಕೀಲರಿಗೆ ನೀವು ಪಹಣಿ, ಮ್ಯುಟೇಷನ್, ಹಳೆಯ ವಿಭಾಗ ಪತ್ರ ಓದಬಲ್ಲಿರಾ ಎನ್ನುವುದೇ ಬೇಕು. ಕೆಳಹಂತದ ಕೋರ್ಟುಗಳಲ್ಲಿ ದಾಖಲೆ, ಸಾಕ್ಷ್ಯ ಬಹುಪಾಲು ಕನ್ನಡದಲ್ಲೇ. ಅದೇ ಕೇಸು ಅಪೀಲಾಗಿ ಹೈಕೋರ್ಟಿಗೆ ಹೋದರೆ ಇಂಗ್ಲಿಷಿಗೆ ತರಬೇಕು. ಎರಡೂ ಭಾಷೆಯಲ್ಲಿ ಕೈ ಓಡುವ ಜೂನಿಯರನ್ನು ಆಫೀಸು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಸಂದರ್ಶನ ಎಂದರೆ ಮೇಜಿನ ಆಚೆ ಮೂವರು ಕೂತಿರುತ್ತಾರೆ ಎಂದುಕೊಳ್ಳಬೇಡಿ. ಸಂಜೆ ಏಳಕ್ಕೆ ಬರಹೇಳಿ, ಕಕ್ಷಿದಾರರ ನಡುವೆಯೇ ಕೂರಿಸಿ, ಒಂದು ಫೈಲು ಕೈಗೆ ಕೊಡುತ್ತಾರೆ. ಒಳಗೆ ಚೆಕ್, ಬ್ಯಾಂಕಿನ ಮೆಮೊ, ನೋಟಿಸಿನ ಪ್ರತಿ, ಅಂಚೆಯ ಸ್ವೀಕೃತಿ. 'ದೂರು ದಾಖಲಿಸಲು ಕೊನೆ ದಿನ ಯಾವುದಪ್ಪ?' ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಮಾರ್ಚ್ 3ಕ್ಕೆ ಬಂದಿದೆ ಎನ್ನಿ. ನೋಟಿಸ್ ಕಳಿಸಲು ಮೂವತ್ತು ದಿನ, ಅಂದರೆ ಏಪ್ರಿಲ್ 2ರವರೆಗೆ. ಆರೋಪಿಗೆ ನೋಟಿಸ್ ತಲುಪಿದ್ದು ಮಾರ್ಚ್ 20. ಹಣ ಕಟ್ಟಲು ಅವನಿಗೆ ಹದಿನೈದು ದಿನ. ಅದು ಏಪ್ರಿಲ್ 4ಕ್ಕೆ ಮುಗಿಯುತ್ತದೆ. ವ್ಯಾಜ್ಯ ಕಾರಣ ಹುಟ್ಟುವುದು ಏಪ್ರಿಲ್ 5ಕ್ಕೆ, ಆ ದಿನವನ್ನು ಬಿಟ್ಟು ಒಂದು ತಿಂಗಳು ಎಣಿಸಿದರೆ ಮೇ 5. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮನ್ನು ಬಾಯಿಪಾಠ ಒಪ್ಪಿಸುವವರು ಬೇಕಾದಷ್ಟು ಮಂದಿ. ಸ್ವೀಕೃತಿಯ ಮೇಲಿನ ಮಾಸಿದ ಅಂಚೆ ಮೊಹರನ್ನು ಬೆಳಕಿಗೆ ಹಿಡಿದು ತಾರೀಖು ಓದುವವರು ಕಡಿಮೆ. ಸೀನಿಯರ್ ನೋಡುತ್ತಿರುವುದೂ ಅದನ್ನೇ. ಉತ್ತರ ಗೊತ್ತಿಲ್ಲದಿದ್ದರೆ 'ಕಲಮು ನೋಡಿ ಹೇಳುತ್ತೇನೆ ಸರ್' ಎನ್ನಿ, ಪುಸ್ತಕ ಕೇಳಿ. ಊಹೆ ಮಾಡಿ ಹೇಳಿದ ತಾರೀಖು ನಾಳೆ ಕಕ್ಷಿದಾರನ ಕೇಸನ್ನೇ ಮುಳುಗಿಸೀತು.

ಕ್ರಿಮಿನಲ್ ಆಫೀಸಾದರೆ ಇನ್ನೊಂದು ಪ್ರಶ್ನೆ ಖಚಿತ: ಘಟನೆ ನಡೆದದ್ದು ಯಾವಾಗ? 2024ರ ಜುಲೈ 1ಕ್ಕೆ ಮುಂಚಿನ ಅಪರಾಧಕ್ಕೆ ಐಪಿಸಿ, ಅಲ್ಲಿಂದೀಚೆಗೆ ಭಾರತೀಯ ನ್ಯಾಯ ಸಂಹಿತೆ. ಎರಡೂ ಪುಸ್ತಕ ಇನ್ನೂ ಹಲವು ವರ್ಷ ಮೇಜಿನ ಮೇಲೆ ಇರಬೇಕು.

ದುಡ್ಡಿನ ವಿಷಯ ಎತ್ತಲು ನಮ್ಮವರಿಗೆ ಸಂಕೋಚ. 'ಕಲಿಯಲು ಬಂದವರು ಸಂಬಳ ಕೇಳಬಾರದು' ಎಂಬ ಮಾತು ಈ ವೃತ್ತಿಯಲ್ಲಿ ಇನ್ನೂ ಸತ್ತಿಲ್ಲ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿ, ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಿ ಎಂದಿತು. ಅದು ಶಿಫಾರಸು, ಕಟ್ಟಳೆಯಲ್ಲ. ಹಾಗಾಗಿ ಸ್ಟೈಪೆಂಡ್ ಎಷ್ಟು, ಕೋರ್ಟಿಗೆ ಓಡಾಡುವ ಖರ್ಚು ಯಾರದು, ಸ್ವಂತ ಕೇಸು ಹಿಡಿಯಬಹುದೇ, ಆಫೀಸು ರಾತ್ರಿ ಎಷ್ಟು ಹೊತ್ತಿನವರೆಗೆ ಎಂಬ ನಾಲ್ಕನ್ನು ಮೊದಲ ದಿನವೇ ಕೇಳಿಬಿಡಿ. ಮೂರು ತಿಂಗಳಾದರೂ ಬಸ್ ಚಾರ್ಜೂ ಕೊಡದೆ ಮನೆಯ ಕರೆಂಟ್ ಬಿಲ್ ಕಟ್ಟಲು ಓಡಿಸುವ ಆಫೀಸಿನಿಂದ ನಮಸ್ಕಾರ ಹೇಳಿ ಹೊರಡುವುದರಲ್ಲಿ ಅವಿಧೇಯತೆ ಏನಿಲ್ಲ.

ಕಂಪನಿಯ ಕಾನೂನು ವಿಭಾಗದ ಸಂಬಳ ನೋಡಿ ಮನಸ್ಸು ಅತ್ತ ವಾಲಿದರೆ ತಪ್ಪಿಲ್ಲ. ಆದರೆ ಪೂರ್ಣಾವಧಿ ಸಂಬಳದ ನೌಕರಿ ಹಿಡಿದವರು ವಕೀಲಿಕೆ ಮಾಡುವಂತಿಲ್ಲ. ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿ ಇಡಬೇಕು. ಹೈಕೋರ್ಟ್ ನ್ಯಾಯಮೂರ್ತಿಗಳ ಬಳಿ ಕಾನೂನು ಗುಮಾಸ್ತ ಮತ್ತು ಸಂಶೋಧನಾ ಸಹಾಯಕರಾಗಿ ಗುತ್ತಿಗೆ ಮೇಲೆ ಕೆಲಸ ಮಾಡುವ ದಾರಿಯೂ ಇದೆ. ತೀರ್ಪು ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಒಳಗಿನಿಂದ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹೈಕೋರ್ಟಿನ ವೆಬ್‌ಸೈಟಿನ ಅಧಿಸೂಚನೆಗಳ ಮೇಲೆ ಒಂದು ಕಣ್ಣಿರಲಿ.

ಸೇರಿದ ಮೇಲೆ ಮೊದಲ ಆರು ತಿಂಗಳು ಬಹುಮಟ್ಟಿಗೆ ಕಾಲಿಂಗ್ ಹೊತ್ತಿನ ಓಡಾಟವೇ. ಸೀನಿಯರ್ ಬೇರೆ ಹಾಲಿನಲ್ಲಿರುತ್ತಾರೆ, ನೀವು ಎದ್ದು ಪಾಸ್ ಓವರ್ ಕೇಳಬೇಕು. ಕೇಳುವುದು ಒಂದೇ ವಾಕ್ಯವಾದರೂ ಆ ಕೇಸು ಯಾವ ಹಂತದಲ್ಲಿದೆ ಎಂಬುದು ತಿಳಿದಿರಲಿ. ನ್ಯಾಯಾಧೀಶರು 'ಇವತ್ತು ಏನಕ್ಕಿದೆ?' ಎಂದಾಗ ಫೈಲು ತಡಕಾಡಬಾರದು. ಹಿಂದಿನ ರಾತ್ರಿ ಆರ್ಡರ್ ಶೀಟಿನ ಕೊನೆಯ ಮೂರು ತಾರೀಖು ಓದಿದ್ದರೆ ಸಾಕು. ಬೆಂಚ್ ಕ್ಲರ್ಕ್ ಮತ್ತು ಕಾಪಿ ವಿಭಾಗದವರೊಂದಿಗೆ ಒಳ್ಳೆಯ ಮಾತಿರಲಿ. ಆಫೀಸ್ ಅಬ್ಜೆಕ್ಷನ್ ಯಾಕೆ ಬರುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಪ್ರೊಫೆಸರೂ ಹೇಳಿಕೊಡಲಾರರು.

ಆಫೀಸಿನಿಂದ ಹಾಕುವ ವಕಾಲತ್ತಿನಲ್ಲಿ ಸೀನಿಯರ್ ಜೊತೆ ನಿಮ್ಮ ಹೆಸರು, ನೋಂದಣಿ ಸಂಖ್ಯೆಯೂ ಇರಲಿ ಎಂದು ವಿನಂತಿಸಿಕೊಳ್ಳಿ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆ ಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಹೇಳಿದೆ. ಅವಧಿಯನ್ನು ಎಐಬಿಇಗೆ ಮುಂಚಿನ ತಾತ್ಕಾಲಿಕ ನೋಂದಣಿಯ ದಿನದಿಂದ ಎಣಿಸಬಹುದು, ಕಾನೂನು ಗುಮಾಸ್ತರಾಗಿ ದುಡಿದ ಕಾಲವೂ ಲೆಕ್ಕಕ್ಕೆ ಬರುತ್ತದೆ ಎಂದೂ ಆ ತೀರ್ಪಿನಲ್ಲಿದೆ. ವಕೀಲಿಕೆಯ ಪ್ರಮಾಣಪತ್ರವನ್ನು ಕನಿಷ್ಠ ಹತ್ತು ವರ್ಷ ಅನುಭವದ ವಕೀಲರು ಕೊಡಬಹುದು, ಆದರೆ ಅದರ ಮೇಲೆ ನ್ಯಾಯಾಂಗ ಅಧಿಕಾರಿಯ ಒಪ್ಪಿಗೆ ಬೇರೆ. ಯಾವ ದಿನ, ಯಾವ ಕೋರ್ಟು, ಯಾವ ಕೇಸು ನಂಬರು, ಏನು ಮಾಡಿದಿರಿ ಎಂಬುದನ್ನು ಡೈರಿಯಲ್ಲಿ ಅಂದಂದೇ ಬರೆದಿಟ್ಟರೆ ಆ ಕಾಗದ ಕೇಳಲು ಹೋಗುವ ದಿನ ಸೀನಿಯರ್ ನೆನಪನ್ನೇ ನಂಬಿಕೊಳ್ಳಬೇಕಾಗುವುದಿಲ್ಲ.