ಗಣಕದ ತಿರುಳಿಗೆ ಯಂತ್ರದ ಕಾವಲು

ಪರೀಕ್ಷೆಯ ಕೊಠಡಿಯಲ್ಲಿ ಉತ್ತರಪತ್ರಿಕೆಯನ್ನು ಬರೆದು ಮುಗಿಸಿದ ವಿದ್ಯಾರ್ಥಿಯು ಅದನ್ನು ಎರಡು ಸಲ ಓದಿ ನೋಡುತ್ತಾನೆ. ಎಲ್ಲವೂ ಸರಿಯಾಗಿದೆಯೆಂದು ಸಮಾಧಾನಪಟ್ಟು ಹೊರಗೆ ಬರುತ್ತಾನೆ. ಬಾಗಿಲು ದಾಟಿದೊಡನೆಯೇ, ಮೂರನೆಯ ಲೆಕ್ಕದಲ್ಲಿ ಋಣಚಿಹ್ನೆಯೊಂದು ಬಿಟ್ಟುಹೋದುದು ನೆನಪಿಗೆ ಬರುತ್ತದೆ! ಎರಡು ಸಲವೂ ಅವನ ಕಣ್ಣು ಆ ಸಾಲಿನ ಮೇಲೆ ಹಾದುಹೋಗಿತ್ತು. ಆದರೆ ಕಾಗದದ ಮೇಲೆ ಇದ್ದುದಕ್ಕೆ ಬದಲಾಗಿ ಮನಸ್ಸಿನಲ್ಲಿ ಇದ್ದುದನ್ನೇ ಅವನು ಓದಿಕೊಂಡಿದ್ದನು. ತನ್ನ ಬರಹದ ತಪ್ಪು ತನಗೇ ಕಾಣದಿರುವುದು ಮನುಷ್ಯಸ್ವಭಾವ.

ಗಣಕಯಂತ್ರಗಳಿಗೆ ಆದೇಶಗಳನ್ನು ಬರೆಯುವವರೂ ಮನುಷ್ಯರೇ ಅಲ್ಲವೆ? ಅವರ ತಪ್ಪುಗಳಿಂದ ಆಗುವ ನಷ್ಟ ಒಂದೆರಡು ಅಂಕಗಳಿಗೆ ನಿಲ್ಲುವುದಿಲ್ಲ. ಆದುದರಿಂದ ಆ ಬರಹವನ್ನು ಓದಿ ಎಚ್ಚರಿಕೆ ನೀಡಲು ಯಂತ್ರವನ್ನೇ ಪರೀಕ್ಷಕನನ್ನಾಗಿ ನೇಮಿಸಿದ್ದಾರೆ. ಈ ಪರೀಕ್ಷಕನು ಓದುವ ಬಗೆ ಹೇಗೆ, ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ನಾವು ಈಗ ವಿಚಾರಮಾಡೋಣ.

ತಿರುಳು ಎಂದರೇನು?

ಲೆಕ್ಕ ಮಾಡುವ, ಚಿತ್ರ ತೋರಿಸುವ, ಪತ್ರ ರವಾನಿಸುವ ಅನೇಕ ಕ್ರಮವಿಧಿಗಳು ಗಣಕದಲ್ಲಿ ಏಕಕಾಲದಲ್ಲಿ ನಡೆಯುತ್ತಿರುತ್ತವೆ. ಇವುಗಳಿಗೆಲ್ಲ ಸ್ಮೃತಿಯನ್ನು ಹಂಚಿಕೊಟ್ಟು, ಸರದಿಯನ್ನು ಗೊತ್ತುಮಾಡಿ, ಒಂದು ಇನ್ನೊಂದರ ಸೊತ್ತಿಗೆ ಕೈಹಾಕದಂತೆ ನೋಡಿಕೊಳ್ಳುವ ಒಡೆಯನೊಬ್ಬನು ಬೇಕಷ್ಟೆ. ಕಾರ್ಯಾಚರಣ ವ್ಯವಸ್ಥೆಯ ಈ ಒಳಭಾಗಕ್ಕೆ 'ಕರ್ನೆಲ್', ಎಂದರೆ ತಿರುಳು, ಎಂದು ಹೆಸರು. ಸಾಮಾನ್ಯ ಕ್ರಮವಿಧಿಯೊಂದು ಕೆಟ್ಟರೆ ಅದೊಂದೇ ನಿಲ್ಲುತ್ತದೆ. ತಿರುಳು ಕೆಟ್ಟರೆ ಇಡೀ ಯಂತ್ರವೇ ಕೆಡುತ್ತದೆ.

ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ 'ಲಿನಕ್ಸ್' ಇಂತಹ ಒಂದು ಕರ್ನೆಲ್. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಇರುವುದು ಇದೇ. ೨೦೧೭ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿವೇಗದ ೫೦೦ ಗಣಕಗಳ ಪಟ್ಟಿಯಲ್ಲಿರುವ ಪ್ರತಿಯೊಂದೂ ಇದನ್ನೇ ಆಶ್ರಯಿಸಿದೆ. ಇಂದು ಇದರ ಪಾಠವು ಎರಡೂವರೆ ಕೋಟಿ ಸಾಲುಗಳನ್ನು ಮೀರಿ ಬೆಳೆದಿದೆ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಬರುತ್ತದೆ. ಒಂದೊಂದು ಆವೃತ್ತಿಯಲ್ಲಿಯೂ ಹತ್ತು ಸಾವಿರಕ್ಕೆ ಮೇಲ್ಪಟ್ಟು ತಿದ್ದುಪಡಿಗಳು ಸೇರುತ್ತವೆ. ಇಷ್ಟನ್ನೂ ಬರಿಯ ಕಣ್ಣಿನಿಂದ ಓದಿ ದೋಷವನ್ನು ಹೆಕ್ಕುವುದು ಯಾರಿಂದ ಸಾಧ್ಯ?

ನಡೆಸದೆಯೇ ಪರೀಕ್ಷಿಸುವ ವಿದ್ಯೆ

ಕ್ರಮವಿಧಿಯನ್ನು ನಡೆಸಿ ನೋಡಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು, ಏಕೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ. ವಾಚನಾಲಯವೊಂದರಲ್ಲಿ ಅಪೂರ್ವ ಗ್ರಂಥಗಳ ಕೋಣೆಯಿದೆ. ಅದಕ್ಕೆ ಬೀಗದಕೈ ಒಂದೇ. ಅದನ್ನು ಪಡೆದವನು ಹೊರಡುವ ಮುನ್ನ ಹಿಂದಿರುಗಿಸಬೇಕೆಂಬುದು ನಿಯಮ. ಕರ್ನೆಲ್ಲಿನಲ್ಲಿಯೂ, ಹಲವರು ಮುಟ್ಟುವ ದತ್ತಾಂಶಕ್ಕೆ ಇಂತಹ ಬೀಗಗಳಿವೆ. ಲೇಖಕನು ಬೀಗವನ್ನು ಹಿಡಿಯುವ ಆದೇಶವನ್ನೂ ಕೊನೆಯಲ್ಲಿ ಬಿಡುವ ಆದೇಶವನ್ನೂ ಸರಿಯಾಗಿಯೇ ಬರೆದನು. ನಡುವೆ, "ಸ್ಮೃತಿ ದೊರೆಯದಿದ್ದರೆ ಇಲ್ಲಿಂದಲೇ ಹಿಂದಿರುಗು" ಎಂದು ಒಂದು ಸಾಲು ಬರೆದನು. ಹಾಗೆ ಹಿಂದಿರುಗುವಾಗ ಬೀಗವನ್ನು ಬಿಡಬೇಕೆಂಬುದು ಮರೆಯಿತು. ಸ್ಮೃತಿಯು ಸಾಮಾನ್ಯವಾಗಿ ದೊರೆಯುವುದರಿಂದ ಸಾವಿರ ಸಲ ನಡೆಸಿದರೂ ದೋಷ ಕಾಣದು. ಎಂದೋ ಒಂದು ದಿನ ದೊರೆಯದೆ ಹೋದಾಗ ಬೀಗ ಹಾಗೆಯೇ ಉಳಿದು, ಅದಕ್ಕಾಗಿ ಕಾಯುತ್ತಿರುವ ಕೆಲಸಗಳೆಲ್ಲ ಮುಂದುವರಿಯದೆ ಸ್ತಬ್ಧವಾಗುತ್ತವೆ.

ಪಾಠದಲ್ಲಿ ಪ್ರತಿಯೊಂದು 'ಹೀಗಾದರೆ' ಎಂಬ ಮಾತೂ ಒಂದು ಕವಲುದಾರಿ. ಹತ್ತು ಕವಲುಗಳಿದ್ದರೆ ೧,೦೨೪ ದಾರಿಗಳು. ಮೂವತ್ತು ಇದ್ದರೆ ೧೦೭ ಕೋಟಿಗೂ ಹೆಚ್ಚು. ನಡೆಸಿ ನೋಡುವ ಪರೀಕ್ಷೆಯು ಪ್ರತಿ ಸಲವೂ ಒಂದೇ ದಾರಿಯಲ್ಲಿ ಸಾಗುತ್ತದೆ. ಇದಕ್ಕೆ ಪ್ರತಿಯಾಗಿ, ಕ್ರಮವಿಧಿಯನ್ನು ನಡೆಸದೆ ಅದರ ಪಾಠವನ್ನಷ್ಟೇ ಓದಿ ಎಲ್ಲ ದಾರಿಗಳನ್ನೂ ವಿಚಾರಿಸುವ ಪದ್ಧತಿಯೊಂದಿದೆ. ಇದಕ್ಕೆ ಸ್ಥಿರ ವಿಶ್ಲೇಷಣೆ ಎನ್ನುತ್ತಾರೆ. ವಿಶ್ಲೇಷಕ ಯಂತ್ರವು ಪ್ರತಿಯೊಂದು ಸಾಲಿನಲ್ಲಿಯೂ "ಬೀಗ ಹಿಡಿದಿದೆ" ಅಥವಾ "ಹಿಡಿದಿಲ್ಲ" ಎಂದು ಗುರುತು ಹಾಕುತ್ತ ಹೋಗುತ್ತದೆ. ಕವಲುಗಳು ಮತ್ತೆ ಕೂಡುವಲ್ಲಿ, ಒಂದೇ ಗುರುತುಳ್ಳ ದಾರಿಗಳನ್ನು ಒಂದಾಗಿ ಸೇರಿಸುತ್ತದೆ. ಕೋಟಿ ದಾರಿಗಳು ಹೀಗೆ ಕೆಲವೇ ಆಗಿಬಿಡುತ್ತವೆ! ಹೊರಬರುವ ಯಾವುದಾದರೊಂದು ಬಾಗಿಲಲ್ಲಿ "ಹಿಡಿದಿದೆ" ಎಂಬ ಗುರುತು ಉಳಿದಿದ್ದರೆ, ಒಡನೆ ಎಚ್ಚರಿಕೆ ಹೊರಡುತ್ತದೆ.

ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೀಫನ್ ಜಾನ್ಸನ್ ೧೯೭೮ರಲ್ಲಿ ರಚಿಸಿದ 'ಲಿಂಟ್' ಇದರ ಹಿರಿಯ ಮಾದರಿ. ಬಟ್ಟೆಗೆ ಅಂಟಿದ ನೂಲಿನ ಜುಂಗನ್ನು ಆಂಗ್ಲ ಭಾಷೆಯಲ್ಲಿ ಹಾಗೆ ಕರೆಯುತ್ತಾರೆ. ಟೋರ್ವಾಲ್ಡ್ಸ್ ಅವರೇ ೨೦೦೩ರಲ್ಲಿ ಕರ್ನೆಲ್ಲಿಗಾಗಿ 'ಸ್ಪಾರ್ಸ್' ಎಂಬುದನ್ನು ಬರೆದರು. 'ಸ್ಮ್ಯಾಚ್' ಎಂಬುದು ಇನ್ನೊಂದು. ಫ್ರಾನ್ಸಿನಲ್ಲಿ ಬೆಳೆದ 'ಕಾಕ್ಸಿನೆಲ್' ಎಂಬುದರ ಹೆಸರು ಬಹು ಸ್ವಾರಸ್ಯಕರವಾದುದು. ಕ್ರಮವಿಧಿಯ ದೋಷಕ್ಕೆ ಆಂಗ್ಲರು 'ಬಗ್', ಎಂದರೆ ಹುಳು, ಎನ್ನುತ್ತಾರಷ್ಟೆ. ಫ್ರೆಂಚ್ ಭಾಷೆಯಲ್ಲಿ ಕಾಕ್ಸಿನೆಲ್ ಎಂದರೆ ಗುಲಗಂಜಿ ಹುಳು. ಸಸ್ಯಹೇನುಗಳನ್ನು ತಿಂದು ಪೈರನ್ನು ಉಳಿಸುವ ರೈತಮಿತ್ರ ಅದು!

ಎರಡು ಸಾಲುಗಳ ವಿರೋಧ

ಲೇಖಕನ ಉದ್ದೇಶವನ್ನು ತಿಳಿಯದ ಯಂತ್ರವು ಅವನ ತಪ್ಪನ್ನು ಹೇಗೆ ಕಂಡೀತು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡಾಸನ್ ಎಂಗ್ಲರ್ ಮತ್ತು ಅವರ ಸಂಗಡಿಗರು ೨೦೦೧ರಲ್ಲಿ ಇದಕ್ಕೊಂದು ಜಾಣತನದ ಉಪಾಯವನ್ನು ಪ್ರಕಟಿಸಿದರು. ಸಾಕ್ಷಿಯೊಬ್ಬನು ಒಂದು ಸಲ "ನಾನು ಅಲ್ಲಿದ್ದೆ" ಎಂದೂ ಇನ್ನೊಂದು ಸಲ "ಇರಲಿಲ್ಲ" ಎಂದೂ ಹೇಳಿದರೆ, ನಿಜವೇನೆಂದು ಗೊತ್ತಿಲ್ಲದಿದ್ದರೂ ಎಲ್ಲಿಯೋ ತಪ್ಪಿದೆಯೆಂದು ನ್ಯಾಯಾಧೀಶರಿಗೆ ತಿಳಿಯುತ್ತದೆ. ಹಾಗೆಯೇ ಪಾಠದ ಎರಡು ಸಾಲುಗಳು ಒಂದಕ್ಕೊಂದು ವಿರುದ್ಧವಾದ ನಂಬಿಕೆಯನ್ನು ತೋರಿಸಿದರೆ ಅಲ್ಲಿ ದೋಷವಿರಲೇಬೇಕು.

೨೦೦೯ರಲ್ಲಿ ಬಂದ ಲಿನಕ್ಸ್ ೨.೬.೩೦ನೆಯ ಆವೃತ್ತಿಯಲ್ಲಿ ಇಂತಹುದೇ ಒಂದು ವಿರೋಧ ಸೇರಿಕೊಂಡಿತ್ತು. ಜಾಲಸಂಪರ್ಕಕ್ಕೆ ಸಂಬಂಧಿಸಿದ 'ಟನ್' ಎಂಬ ಭಾಗದಲ್ಲಿ, ಒಂದು ವಿಳಾಸವನ್ನು ಮೊದಲ ಸಾಲಿನಲ್ಲಿ ಬಳಸಿ, ಅನಂತರ "ಈ ವಿಳಾಸವು ಶೂನ್ಯವಾಗಿದ್ದರೆ ಹಿಂದಿರುಗು" ಎಂದು ಬರೆದಿತ್ತು. ಮನೆಯೊಳಕ್ಕೆ ನುಗ್ಗಿದ ಮೇಲೆ, ಮನೆ ಇದೆಯೇ ಎಂದು ವಿಚಾರಿಸಿದಂತಾಯಿತು! ಇಷ್ಟಕ್ಕೇ ಮುಗಿಯಲಿಲ್ಲ. ಪಾಠವನ್ನು ಯಂತ್ರಭಾಷೆಗೆ ತರುವ 'ಜಿಸಿಸಿ' ಎಂಬ ಅನುವಾದಕವು ತರ್ಕ ಮಾಡಿತು: ವಿಳಾಸವನ್ನು ಆಗಲೇ ಬಳಸಿಯಾಗಿದೆ, ಆದುದರಿಂದ ಅದು ಶೂನ್ಯವಾಗಿರಲಾರದು, ಆದುದರಿಂದ ಈ ಪರೀಕ್ಷೆ ವ್ಯರ್ಥ. ಹೀಗೆಂದು ಆ ರಕ್ಷಣೆಯ ಸಾಲನ್ನೇ ಕಿತ್ತುಹಾಕಿತು. ಬರೆದ ಪಾಠದಲ್ಲಿ ಕಾವಲುಗಾರನಿದ್ದನು. ನಡೆಯುವ ಯಂತ್ರದಲ್ಲಿ ಇರಲಿಲ್ಲ. ಶೂನ್ಯ ವಿಳಾಸದಲ್ಲಿ ತನಗೆ ಬೇಕಾದುದನ್ನು ಇರಿಸಬಲ್ಲ ದುರುಳನು ಇದರ ಮೂಲಕ ಇಡೀ ಕರ್ನೆಲ್ಲನ್ನು ವಶಪಡಿಸಿಕೊಳ್ಳಬಹುದೆಂದು ಅದೇ ವರ್ಷದ ಜುಲೈ ತಿಂಗಳಲ್ಲಿ ಪ್ರಾತ್ಯಕ್ಷಿಕವಾಗಿ ತೋರಿಸಲಾಯಿತು. ಅನಂತರ ಆ ಸಾಲುಗಳನ್ನು ತಿದ್ದಿದರಲ್ಲದೆ, ಶೂನ್ಯದ ಪರೀಕ್ಷೆಗಳನ್ನು ಅಳಿಸಬಾರದೆಂದು ಅನುವಾದಕಕ್ಕೂ ಕಟ್ಟಪ್ಪಣೆಯಾಯಿತು.

ಉಪಾಯವು ೨೦೦೧ರಲ್ಲಿಯೇ ತಿಳಿದಿತ್ತು. ದೋಷ ನುಸುಳಿದುದು ೨೦೦೯ರಲ್ಲಿ. ವಿದ್ಯೆಯಿದ್ದರೆ ಸಾಲದು, ಅದನ್ನು ಪ್ರತಿಯೊಂದು ತಿದ್ದುಪಡಿಗೂ ಬೇಸರವಿಲ್ಲದೆ ಅನ್ವಯಿಸುವವರು ಬೇಕು. ಬೇಸರವೆಂಬುದನ್ನು ಅರಿಯದುದು ಯಂತ್ರವೊಂದೇ. ಇಂಟೆಲ್ ಸಂಸ್ಥೆಯು ನಡೆಸುವ 'ಕರ್ನೆಲ್ ಟೆಸ್ಟ್ ರೋಬಾಟ್' ಈ ಕೆಲಸವನ್ನು ಕೈಗೊಂಡಿದೆ. ಹೊಸ ತಿದ್ದುಪಡಿಗಳನ್ನು ಅದು ತಾನಾಗಿಯೇ ಹುಡುಕಿ ತಂದು, ಬೇರೆ ಬೇರೆ ಬಗೆಯ ಗಣಕಗಳಿಗೆ ಅನುವಾದಿಸಿ, ಮೇಲೆ ಹೇಳಿದ ವಿಶ್ಲೇಷಕಗಳಿಂದ ಓದಿಸುತ್ತದೆ. ಹೊಸದಾಗಿ ಎಚ್ಚರಿಕೆಯೊಂದು ಹುಟ್ಟಿದರೆ ತಿದ್ದಿದವನಿಗೇ ಪತ್ರ ಹೋಗುತ್ತದೆ. ಯಾವ ಕಡತ, ಎಷ್ಟನೆಯ ಸಾಲು, ಯಾವ ದೂರು ಎಂಬುದೆಲ್ಲ ಅದರಲ್ಲಿರುತ್ತದೆ. ದೋಷವನ್ನು ಸರಿಪಡಿಸಿದರೆ ತನ್ನ ಹೆಸರನ್ನು ವರದಿಗಾರನೆಂದು ನಮೂದಿಸಬೇಕೆಂಬ ಕೋರಿಕೆಯೂ ಉಂಟು!

ಹುಸಿ ಎಚ್ಚರಿಕೆಗಳು

ಹಾಗಾದರೆ ಎಲ್ಲ ದೋಷಗಳನ್ನೂ ಯಂತ್ರಕ್ಕೆ ಒಪ್ಪಿಸಿ ನಾವು ನಿಶ್ಚಿಂತೆಯಿಂದ ಇರಬಹುದೆ? ಇಲ್ಲ. ಒಂದು ಕ್ರಮವಿಧಿಯು ಎಂದಾದರೂ ನಿಲ್ಲುವುದೋ ಇಲ್ಲವೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ನಿರ್ಣಯಿಸಬಲ್ಲ ಸಾಮಾನ್ಯ ವಿಧಾನವು ಇರಲಾರದೆಂಬುದು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ೧೯೩೬ರಲ್ಲಿ ಮಂಡಿಸಿದ ವಾದದಿಂದ ಸಿದ್ಧವಾಗಿದೆ. ಆದುದರಿಂದ ಯಾವ ವಿಶ್ಲೇಷಕವೂ ಪರಿಪೂರ್ಣವಲ್ಲ. ಕೆಲವು ದೋಷಗಳನ್ನು ಕಾಣದೆ ಹೋಗುತ್ತದೆ, ಇಲ್ಲವೆ ನಿರ್ದೋಷಿಯ ಮೇಲೆ ದೂರು ಹೇಳುತ್ತದೆ. ದಾರಿಗಳನ್ನು ಒಂದುಗೂಡಿಸುವ ಉಪಾಯವನ್ನು ಹಿಂದೆ ಹೇಳಿದೆವಷ್ಟೆ. ಒಂದುಗೂಡಿಸಿದಾಗ, ಯಾರು ಯಾವ ದಾರಿಯಿಂದ ಬಂದರೆಂಬುದು ಮರೆತುಹೋಗುತ್ತದೆ. ಆಗ, ನಿಜವಾಗಿ ಯಾರೂ ನಡೆಯಲಾರದ ದಾರಿಯೊಂದನ್ನು ಯಂತ್ರವು ಕಲ್ಪಿಸಿಕೊಂಡು ಕೂಗಿಕೊಳ್ಳುತ್ತದೆ. ಬೆಲೆ ತುಂಬದೆಯೇ ಬಳಸಿರಬಹುದಾದ ಚರಗಳ ಬಗೆಗೆ ಜಿಸಿಸಿ ನೀಡುತ್ತಿದ್ದ ಎಚ್ಚರಿಕೆಯನ್ನು, ಹುಸಿಯೇ ಹೆಚ್ಚೆಂಬ ಕಾರಣದಿಂದ, ಟೋರ್ವಾಲ್ಡ್ಸ್ ಅವರು ೨೦೨೦ರಲ್ಲಿ ಸಾಮಾನ್ಯ ಬಳಕೆಯಿಂದ ತೆಗೆದುಹಾಕಿದರು. ಸದಾ ಬಾರಿಸುವ ಗಂಟೆಗೆ ಯಾರೂ ಕಿವಿಗೊಡುವುದಿಲ್ಲವಷ್ಟೆ.

ಅರಿಯದೆ ವಿಧೇಯರಾಗುವುದು ಇನ್ನೂ ಅಪಾಯಕರ. ಕರ್ನೆಲ್ಲಿನ ಹೊರಗೆ, ಕ್ರಮವಿಧಿಯನ್ನು ನಡೆಸಿ ನೋಡುವ ಬಗೆಯ ಉಪಕರಣದಿಂದ ಆದ ಒಂದು ಘಟನೆ ಇದಕ್ಕೆ ಸಾಕ್ಷಿ. ರಹಸ್ಯ ಕೀಲಿಗಳನ್ನು ತಯಾರಿಸುವ 'ಓಪನ್ ಎಸ್ಎಸ್ಎಲ್' ಎಂಬ ಕ್ರಮವಿಧಿಯಲ್ಲಿ ಬೆಲೆ ತುಂಬದ ಸ್ಮೃತಿಯನ್ನು ಬಳಸಿದೆಯೆಂದು ಉಪಕರಣವು ಎಚ್ಚರಿಸಿತು. ಅದನ್ನು ಅಡಗಿಸಲು, 'ಡೆಬಿಯನ್' ಎಂಬ ಲಿನಕ್ಸ್ ವಿತರಣೆಯವರು ೨೦೦೬ರಲ್ಲಿ ಎರಡು ಕಡೆ ಒಂದೊಂದು ಸಾಲನ್ನು ತೆಗೆದರು. ಅವುಗಳಲ್ಲಿ ಒಂದು ಸಾಲು, ಕೀಲಿಗಳಿಗೆ ಯಾದೃಚ್ಛಿಕತೆಯನ್ನು ತುಂಬುವ ಮುಖ್ಯ ಕಾಲುವೆಯೇ ಆಗಿತ್ತು! ೨೦೦೮ರ ಮೇ ತಿಂಗಳಲ್ಲಿ ವಿಷಯ ಬೆಳಕಿಗೆ ಬರುವವರೆಗೆ, ಅಲ್ಲಿ ಹುಟ್ಟಿದ ಒಂದೊಂದು ಬಗೆಯ ಕೀಲಿಗೂ ಸುಮಾರು ೩೨ ಸಾವಿರ ರೂಪಗಳಷ್ಟೇ ಸಾಧ್ಯವಿದ್ದವು. ಅಷ್ಟನ್ನು ಒಂದೊಂದಾಗಿ ಪ್ರಯತ್ನಿಸುವುದು ಗಣಕಕ್ಕೆ ಕಷ್ಟವೇನಲ್ಲ.

ಈ ಎರಡು ಘಟನೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಯಂತ್ರದ ಎಚ್ಚರಿಕೆಯನ್ನು ತೀರ್ಪೆಂದು ಭಾವಿಸಬಾರದು, ಅದೊಂದು ಪ್ರಶ್ನೆ. "ಈ ಸಾಲು ಹೀಗಿರುವುದಕ್ಕೆ ಕಾರಣವೇನು?" ಎಂದು ಅದು ಕೇಳುತ್ತದೆ. ಕೇಳುವುದರಲ್ಲಿ ಅದಕ್ಕೆ ಆಯಾಸವಿಲ್ಲ. ಉತ್ತರವನ್ನು ತಿಳಿದು ಹೇಳಬೇಕಾದವನು ಬರೆದವನೇ. ಮುಂದೆ ಕ್ರಮವಿಧಿಗಳನ್ನು ಬರೆಯಲಿರುವ ವಿದ್ಯಾರ್ಥಿಗಳು, ತೆರೆಯ ಮೇಲೆ ಎಚ್ಚರಿಕೆಯೊಂದು ಮೂಡಿದಾಗ, ಅದನ್ನು ಅಳಿಸುವ ಮುನ್ನ ಆ ಸಾಲನ್ನು ಮತ್ತೊಮ್ಮೆ ಓದಿ ಅರ್ಥಮಾಡಿಕೊಳ್ಳಲಿ.