ಮೀನಿನ ತೊಟ್ಟಿಯ ಉಪ್ಪುನೀರು: ಗೊಬ್ಬರ ಅಂತ ಸುರಿದು ಕೆಟ್ಟೆ

ನಮ್ಮದು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯಲ್ಲಿ ಮೂರೆಕರೆ ಕೆಂಪು ಹೊಲ. ಮಳೆ ನಂಬಿ ರಾಗಿ, ಅವರೆ. ಮನೆ ಹಿಂದೆ ಐದು ಗುಂಟೆಯಲ್ಲಿ ಮಾತ್ರ ಟೊಮೇಟೊ, ಬೀನ್ಸ್, ಮೆಣಸಿನಗಿಡ, ನಾಲ್ಕು ತೆಂಗು. ಅದಕ್ಕೆ ಪಕ್ಕದ ಹೊಲದವರ ಬೋರಿನಿಂದ ವಾರಕ್ಕೆರಡು ಸಲ ನೀರು ತಗೊಳ್ತೀನಿ.

ನನ್ನ ಅಕ್ಕನ ಮಗ ಇರೋದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನಕ್ಕೆ ಬೆಂಗಳೂರಿನ ರೈಲೇ ಗತಿ. ಇವನೂ ಬೆಳಗಿನ ಗಾಡಿ ಹತ್ತಿ ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿಗೆ ಹೋಗ್ತಾನೆ. ಹೋಟೆಲು, ದೊಡ್ಡವರ ಮನೆಗಳಲ್ಲಿಟ್ಟ ಗಾಜಿನ ತೊಟ್ಟಿ ತೊಳೆದು ನೀರು ಬದಲಾಯಿಸೋದು ಕೆಲಸ.

ಮೊದಮೊದಲು ಅವನು ತನ್ನ ಮನೆಯ ಗಪ್ಪಿ ಮೀನಿನ ತೊಟ್ಟಿ ನೀರು ತಂದುಕೊಡುತ್ತಿದ್ದ. ಸಿಹಿನೀರು. ಮೆಣಸಿನಗಿಡಕ್ಕೆ ಹಾಕಿದೆ, ಎಲೆ ಕಪ್ಪಗೆ ಹಸಿರಾಯ್ತು. ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತೆ, ತೊಟ್ಟಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಯೂರಿಯಾ ಹಾಕಿದರೂ ಗಿಡ ಕೊನೆಗೆ ಹೆಚ್ಚಾಗಿ ಕುಡಿಯೋದು ಇದನ್ನೇ. ಇಲ್ಲಿವರೆಗೆ ಸರಿಯಾಗಿತ್ತು.

2023ರ ಬೇಸಿಗೆಯಲ್ಲಿ ಒಂದು ಹೋಟೆಲಿನ ಸಮುದ್ರ ಮೀನಿನ ತೊಟ್ಟಿ ತೊಳೆದ ನೀರು ತಂದ. ತಳದ ಕೆಸರೂ ಇತ್ತು, ಕಂದು ಬಣ್ಣ, ಮೀನುಗೊಬ್ಬರದ್ದೇ ವಾಸನೆ. "ಉಪ್ಪಲ್ವೇನೋ?" ಅಂದೆ. "ಮಂಗಳೂರು ಕಡೆ ತೆಂಗಿನ ಬುಡಕ್ಕೆ ಬೂತಾಯಿ ಮೀನು ಹಾಕ್ತಾರೆ, ಉಪ್ಪೂ ಹಾಕ್ತಾರೆ ಮಾವ" ಅಂದ. ಅದು ಸುಳ್ಳಲ್ಲ. ಮೊದಲ ಕ್ಯಾನನ್ನು ತೆಂಗಿಗೇ ಸುರಿದೆ, ಏನೂ ಆಗಲಿಲ್ಲ. ಧೈರ್ಯ ಬಂತು. ಮುಂದಿನ ವಾರ ಬಂದ ಎರಡು ಕ್ಯಾನಿಗೆ ಅಷ್ಟೇ ಬೋರ್ ನೀರು ಬೆರೆಸಿ ಮೂರು ಸಾಲು ಬೀನ್ಸಿಗೂ ಒಂದು ಸಾಲು ಟೊಮೇಟೊಗೂ ಹಾಕ್ಬಿಟ್ಟೆ.

ಮೂರನೇ ದಿನ ಬೀನ್ಸ್ ಎಲೆಯ ಅಂಚು ಸುಟ್ಟಂಗಾಯ್ತು. ನೀರು ಸಾಲದು ಅಂತ ಸಂಜೆ ಒಂದೊಂದು ಚೊಂಬು ಹಾಕಿದೆ. ವಾರದೊಳಗೆ ಮೂರು ಸಾಲೂ ಹೋಯ್ತು. ಟೊಮೇಟೊ ಸಾಯಲಿಲ್ಲ, ಆದರೆ ಮುರುಟಿಕೊಂಡು ನಿಂತು ಗೋಲಿ ಗಾತ್ರದ ಕಾಯಿ ಬಿಟ್ಟಿತು. ಮಣ್ಣು ಒಣಗಿದಾಗ ಮೇಲೆ ಬಿಳೀ ಹೊಪ್ಪಳೆ.

ಆಮೇಲೆ ಅಳಿಯನೂ ನಾನೂ ಕೂತು ಲೆಕ್ಕ ಹಾಕಿದೆವು. ಈ ಲೆಕ್ಕ ಮೊದಲೇ ಹಾಕಬೇಕಿತ್ತು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ತೊಟ್ಟಿಗೂ ಅಷ್ಟೇ ಬೆರೆಸ್ತಾರೆ. 20 ಲೀಟರ್ ಕ್ಯಾನಿನಲ್ಲಿ 700 ಗ್ರಾಂ ಆಯ್ತು. ಇನ್ನು ನೈಟ್ರೇಟ್? ಅವನು ಪರೀಕ್ಷೆ ಪಟ್ಟಿ ಅದ್ದಿ ನೋಡಿದಾಗ ಲೀಟರಿಗೆ 40 ಮಿಲಿಗ್ರಾಂ ತೋರಿಸಿತ್ತು. ಅದರಲ್ಲಿರುವ ಸಾರಜನಕ ತೆಗೆದರೆ ಇಡೀ ಕ್ಯಾನು ಅರ್ಧ ಗ್ರಾಂ ಯೂರಿಯಾಕ್ಕೂ ಸಮ ಇಲ್ಲ. ಒಂದು ಚಿಟಿಕೆ ಯೂರಿಯಾ ಆಸೆಗೆ ಒಂದೂವರೆ ಕೇಜಿಯಷ್ಟು ಉಪ್ಪನ್ನು ನಾನೇ ಕೈಯಾರೆ ತರಕಾರಿ ಸಾಲಿಗೆ ಸುರಿದಿದ್ದೆ. ಉಪ್ಪು ಜಾಸ್ತಿಯಾದ ಮಣ್ಣಲ್ಲಿ ನೀರಿದ್ದರೂ ಬೇರಿಗೆ ಎಳೆಯಲು ಆಗಲ್ಲ. ಬೀನ್ಸ್ ಅಂತೂ ಉಪ್ಪಿಗೆ ತೀರಾ ಸೂಕ್ಷ್ಮ. ತೆಂಗು ತಡೆಯುತ್ತೆ, ಅದನ್ನು ನೋಡಿ ನಾನು ಮೋಸ ಹೋದೆ.

ಕರಾವಳಿಯವರಿಗೆ ಆಗಿದ್ದು ನಮಗ್ಯಾಕೆ ಆಗಲ್ಲ ಅಂದರೆ ಮಳೆ. ಅಲ್ಲಿ ವರ್ಷಕ್ಕೆ 3,500 ಮಿ.ಮೀ. ಸುರಿದು ಉಪ್ಪು ತೊಳೆದುಕೊಂಡು ಹೋಗುತ್ತೆ. ಕುಮಟಾ ಕಡೆ ಅಘನಾಶಿನಿ ಗಜನಿಯಲ್ಲಿ ಸಮುದ್ರದ ನೀರು ನುಗ್ಗುವ ಗದ್ದೆಯಲ್ಲೇ ಕಗ್ಗ ಭತ್ತ ಬೆಳೀತಾರೆ. ಅದು ಉಪ್ಪು ತಡೆಯುವ ತಳಿ, ಜೊತೆಗೆ ಮುಂಗಾರು ಗದ್ದೆಯ ಉಪ್ಪನ್ನು ಇಳಿಸುತ್ತೆ. ನಮ್ಮ ಕೋಲಾರದಲ್ಲಿ ಬೀಳೋದು ಸುಮಾರು 700 ಮಿ.ಮೀ. ಸಾವಿರ ಅಡಿ ಕೊರೆದು ತಂದ ನೀರಲ್ಲಿ ಉಪ್ಪು ತೊಳೀತೀನಿ ಅಂದರೆ ನಗ್ತಾರೆ.

ಆ ಜಾಗ ಸರಿ ಮಾಡಲು ಒಂದು ವರ್ಷ ಹಿಡೀತು. ಮೇಲಿನ ಎರಡು ಬೆರಳು ಮಣ್ಣು ಕೆರೆದು ತೆಂಗಿನ ಸುತ್ತ ಹರಡಿದೆ. ಸುತ್ತ ಬದು ಕಟ್ಟಿ ಮಾಡಿನ ಮಳೆನೀರು ತಿರುಗಿಸಿ ನಿಲ್ಲಿಸಿದೆ. ನಮ್ಮದು ಮರಳು ಮಿಶ್ರ ಕೆಂಪು ಮಣ್ಣು, ನೀರು ಕೆಳಗಿಳಿದು ಉಪ್ಪನ್ನು ಒಯ್ತು. ಆದರೂ ಆ ಮುಂಗಾರಿನ ರಾಗಿ ಅಲ್ಲಲ್ಲಿ ಬೋಳುಬೋಳಾಗಿ ಹುಟ್ಟಿತು. ಎರೆ ಮಣ್ಣಿನವರಿಗಾದರೆ ಕಷ್ಟ ಇನ್ನೂ ಜಾಸ್ತಿ. ಸೋಡಿಯಂ ಹಿಡಿದು ಮಣ್ಣು ಗಟ್ಟಿಯಾಗುತ್ತೆ, ಜಿಪ್ಸಂ ಹಾಕಬೇಕಾಗುತ್ತೆ. ಮಣ್ಣು ಪರೀಕ್ಷೆಯಲ್ಲಿ ಇ.ಸಿ. ಅಂತ ಒಂದು ಅಂಕಿ ಬರೆದಿರ್ತಾರಲ್ಲ, ಉಪ್ಪಿನ ಲೆಕ್ಕ ಅದೇ.

ಹಾಗಾದರೆ ಆ ಕೆಸರು ಪೂರ್ತಿ ದಂಡವೇ? ಅಲ್ಲ. ಅದರಲ್ಲಿ ಮೀನಿನ ಹಿಕ್ಕೆ, ತಿಂದುಳಿದ ಮೀನಿನ ಆಹಾರ ಇರುತ್ತೆ. ಆ ಆಹಾರ ಮಾಡೋದು ಹೆಚ್ಚಾಗಿ ಮೀನಿನ ಪುಡಿಯಿಂದ, ಸಾರಜನಕ ರಂಜಕ ಎರಡೂ ಇದೆ. ಉಪ್ಪು ಇರೋದು ಕೆಸರಿಗೆ ಅಂಟಿದ ನೀರಿನಲ್ಲಿ. ಅದಕ್ಕೇ ಈಗ ಅಳಿಯ ಅಂಗಡಿಯಲ್ಲೇ ಬಕೆಟ್ ತುಂಬ ಸಿಹಿನೀರಲ್ಲಿ ಕೆಸರು ಕದಡಿ, ತಳ ಕೂತ ಮೇಲೆ ಮೇಲಿನ ನೀರು ಚೆಲ್ತಾನೆ. ಹೀಗೆ ನಾಲ್ಕು ಸಲ. ತೊಳೆದ ನೀರು ಬೆಂಗಳೂರಿನ ಚರಂಡಿಗೆ. ಆ ಊರಿನ ಚರಂಡಿ ನೀರು ಸಂಸ್ಕರಣೆಯಾಗಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೇ ಬರ್ತಿದೆ. ಸಂಸ್ಕರಣೆಯಲ್ಲಿ ಕರಗಿದ ಉಪ್ಪು ಹೋಗಲ್ಲ, ಆದರೆ ಇಷ್ಟು ಚೂರು ಅಲ್ಲಿ ಯಾವ ಲೆಕ್ಕ ಅಂತಾನೆ ಅವನು. ಇರಲಿ.

ತೊಳೆದ ಕೆಸರನ್ನು ನೇರ ಗಿಡಕ್ಕೆ ಹಾಕಲ್ಲ, ತಿಪ್ಪೆಗೆ ಸೇರಿಸ್ತೀನಿ. ಆರು ತಿಂಗಳಿಗೆ ಒಂದು ಮಂಕರಿ ಆಗಬಹುದು. ನಮ್ಮ ಎರಡು ಹಸು ನಾಲ್ಕು ದಿನದಲ್ಲಿ ಇದಕ್ಕಿಂತ ಜಾಸ್ತಿ ಕೊಡ್ತವೆ. ಇದಕ್ಕೋಸ್ಕರ ಯಾರೂ ಬಸ್ ಚಾರ್ಜ್ ಹಾಕಬೇಡಿ. ರೋಗಕ್ಕೆ ಔಷಧಿ ಹಾಕಿದ ತೊಟ್ಟಿಯದಾದರೆ ಬೇಡವೇ ಬೇಡ. ಸಮುದ್ರ ಮೀನಿಗೆ ತಾಮ್ರದ ಔಷಧಿ ಕೊಡೋದುಂಟು.

ಸಿಹಿನೀರಿನ ತೊಟ್ಟಿ ಹತ್ತಿರ ಇದ್ದರೆ ಮಾತ್ರ ಬಿಡಬೇಡಿ, ಸೊಪ್ಪಿಗೂ ಕುಂಡದ ಗಿಡಕ್ಕೂ ಹಾಗೇ ಹಾಕಬಹುದು. ಈಗ ಕ್ಯಾನಿನ ಮೇಲೆ ಅಳಿಯ 'ಸಿಹಿ' ಅಂತ ಬರೆದೇ ತರ್ತಾನೆ. ಆದರೂ ಒಂದು ಲೋಟ ಸ್ಟೀಲ್ ತಟ್ಟೆಗೆ ಸುರಿದು ಬಿಸಿಲಿಗಿಡ್ತೀನಿ. ಬೋರ್ ನೀರಿನಂತೆ ತೆಳ್ಳಗೆ ಬಿಳಿ ಕಲೆ ಉಳಿದರೆ ಸರಿ. ಸಮುದ್ರದ್ದಾದರೆ ಒಂದು ಚಮಚ ಉಪ್ಪೇ ತಟ್ಟೆಯಲ್ಲಿ ಕೂರುತ್ತೆ. ನೀರು ಆರುವವರೆಗೆ ಕ್ಯಾನು ಜಗಲಿ ಮೇಲೇ ಇರುತ್ತೆ.